ದೊಡ್ಡ ಹಾಗೂ ವಿಶಿಷ್ಟ ಸಮುದ್ರ ಮೀನುಗಳಿಗೆ ಸೂಕ್ತ ಅಳತೆಯ ಅಕ್ವೇರಿಯಂ ತೊಟ್ಟಿಯ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮನೆ, ಕಚೇರಿ, ಹೋಟೆಲ್ ಹಾಗೂ ಶಾಲೆಗಳಲ್ಲಿ ಸಮುದ್ರದ ಅಲಂಕಾರಿಕ ಮೀನುಗಳನ್ನು ಸಾಕಲು ಅನೇಕರು ಆಸಕ್ತಿ ತೋರುತ್ತಿದ್ದಾರೆ. ಮಾರಾಟ ಮಳಿಗೆಗಳಲ್ಲಿ ದೊರೆಯುವ ಮೀನುಗಳಲ್ಲಿ ಹೆಚ್ಚಿನವು ಮರಿಗಳಾಗಿರುತ್ತವೆ. ಬೆರಳುದ್ದದ ಮರಿಯನ್ನು ನೋಡಿ ತೊಟ್ಟಿಯನ್ನು ಕೊಂಡವರು, ಒಂದೆರಡು ವರ್ಷಗಳಲ್ಲಿ ಆ ಮೀನು ತೊಟ್ಟಿಯೊಳಗೆ ತಿರುಗಲೂ ಆಗದಷ್ಟು ಬೆಳೆದಾಗ ತೊಂದರೆಗೆ ಒಳಗಾಗುತ್ತಾರೆ. ಆ ಹಂತದಲ್ಲಿ ದೊಡ್ಡ ತೊಟ್ಟಿಗೆ ಮನೆಯಲ್ಲಿ ಸ್ಥಳವಿರುವುದಿಲ್ಲ, ಮೀನನ್ನು ಹಿಂದಕ್ಕೆ ಪಡೆಯುವವರು ಸುಲಭವಾಗಿ ಸಿಗುವುದಿಲ್ಲ, ಅದನ್ನು ಸಮುದ್ರಕ್ಕೆ ಬಿಡುವುದೂ ಸೂಕ್ತವಲ್ಲ.

ಆದ್ದರಿಂದ ಮೊದಲು ಮೀನಿನ ಪೂರ್ಣ ಬೆಳವಣಿಗೆಯ ಅಳತೆಯನ್ನು ತಿಳಿಯುವುದು, ನಂತರ ತೊಟ್ಟಿಯನ್ನು ನಿರ್ಧರಿಸುವುದು, ಕೊನೆಯಲ್ಲಿ ಮೀನನ್ನು ಖರೀದಿಸುವುದು ಸರಿಯಾದ ಕ್ರಮವಾಗಿರುತ್ತದೆ. ಈ ಕ್ರಮವನ್ನು ಅನುಸರಿಸಲು ಬೇಕಾದ ಮಾಹಿತಿಯನ್ನು ಸಾರ್ವಜನಿಕರ ಉಪಯೋಗಕ್ಕಾಗಿ ಈ ಕೆಳಗೆ ನೀಡಲಾಗಿದೆ.

2. ಪೂರ್ಣ ಬೆಳೆದ ಮೀನಿನ ಅಳತೆಯೇ ಆಧಾರ

"ತೊಟ್ಟಿ ಎಷ್ಟಿದೆಯೋ ಅಷ್ಟಕ್ಕೆ ಮೀನು ಬೆಳೆಯುತ್ತದೆ" ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ತಪ್ಪು ತಿಳಿವಳಿಕೆ. ಇಕ್ಕಟ್ಟಾದ ತೊಟ್ಟಿಯಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದಕ್ಕೆ ಕಾರಣ ಮೀನು ಜಾಗಕ್ಕೆ ಹೊಂದಿಕೊಳ್ಳುವುದಲ್ಲ, ನೀರು ಕೆಡುವುದು ಮತ್ತು ಮೀನು ಸತತ ಒತ್ತಡಕ್ಕೆ ಒಳಗಾಗುವುದು. ಅಂತಹ ಮೀನಿನ ರೋಗನಿರೋಧಕ ಶಕ್ತಿ ಕುಗ್ಗಿ, ಅದು ತನ್ನ ಸಹಜ ಆಯುಷ್ಯವನ್ನು ಪೂರೈಸದೆ ಸಾಯುತ್ತದೆ.

ಉದ್ದದ ಲೆಕ್ಕದಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಮೀನಿನ ಉದ್ದ ಎರಡು ಪಟ್ಟಾದರೆ ಅದರ ಅಗಲ ಮತ್ತು ಎತ್ತರಗಳೂ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತವೆ. ಹೀಗಾಗಿ ತೂಕ ಸುಮಾರು ಎಂಟು ಪಟ್ಟಾಗುತ್ತದೆ. 20 ಸೆಂ.ಮೀ. ಉದ್ದದ ಒಂದು ಮೀನು, ಅದೇ ಜಾತಿಯ 10 ಸೆಂ.ಮೀ. ಉದ್ದದ ಎಂಟು ಮೀನುಗಳಿಗೆ ತೂಕದಲ್ಲಿ ಸಮನಾಗಿರುತ್ತದೆ. ಅದು ತಿನ್ನುವ ಆಹಾರ ಮತ್ತು ಹೊರಹಾಕುವ ತ್ಯಾಜ್ಯವೂ ಮರಿಯ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚುತ್ತದೆ. "ಇಂಚಿಗೆ ಇಷ್ಟು ಲೀಟರ್ ನೀರು" ಎಂಬ ವಾಡಿಕೆಯ ಲೆಕ್ಕವು ಸಣ್ಣ ಮೀನುಗಳಿಗೆ ಅಲ್ಪಸ್ವಲ್ಪ ಹೊಂದಿದರೂ ದೊಡ್ಡ ಮೀನುಗಳಿಗೆ ಹೊಂದದಿರುವುದಕ್ಕೆ ಇದೇ ಕಾರಣ.

3. ತೊಟ್ಟಿಯ ಅಳತೆಯನ್ನು ಲೆಕ್ಕ ಹಾಕುವ ವಿಧಾನ

ಅ) ನೀರಿನ ಪ್ರಮಾಣ: ತೊಟ್ಟಿಯ ಉದ್ದ, ಅಗಲ ಮತ್ತು ಎತ್ತರಗಳನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್‌ಗಳ ಲೆಕ್ಕ ದೊರೆಯುತ್ತದೆ. ಉದಾಹರಣೆಗೆ, 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ತೊಟ್ಟಿಯ ಒಟ್ಟು ಸಾಮರ್ಥ್ಯ 250 ಲೀಟರ್. ಮೇಲ್ಭಾಗದಲ್ಲಿ ಬಿಡುವ ಜಾಗ, ಮರಳು ಹಾಗೂ ಕಲ್ಲುಗಳನ್ನು ಕಳೆದರೆ ಮೀನಿಗೆ ದೊರೆಯುವ ನೀರು ಇದಕ್ಕಿಂತ ಕಡಿಮೆಯಾಗಿರುತ್ತದೆ.

ಆ) ಉದ್ದ: ಹೆಚ್ಚು ಓಡಾಡದ ಮೀನುಗಳಿಗೆ ಪೂರ್ಣ ಬೆಳೆದ ಮೀನಿನ ಉದ್ದದ ಕನಿಷ್ಠ 4 ಪಟ್ಟು; ಸದಾ ಈಜುವ ಮೀನುಗಳಿಗೆ ಕನಿಷ್ಠ 6 ಪಟ್ಟು.

ಇ) ಅಗಲ: ಮೀನಿನ ಉದ್ದದ ಕನಿಷ್ಠ ಒಂದೂವರೆ ಪಟ್ಟು. ಮೀನು ದೇಹವನ್ನು ಗಾಜಿಗೆ ಉಜ್ಜಿಕೊಳ್ಳದೆ ಸರಾಗವಾಗಿ ಹಿಂದಿರುಗಲು ಇಷ್ಟು ಅಗಲ ಅವಶ್ಯಕ.

ಈ) ಎತ್ತರ: ಮೀನಿನ ದೇಹದ ಆಕಾರವನ್ನು ಅವಲಂಬಿಸಿರುತ್ತದೆ. ತಳದಲ್ಲಿ ಮಲಗುವ ಮೀನಿಗೆ ಎತ್ತರಕ್ಕಿಂತ ತಳದ ವಿಸ್ತೀರ್ಣ ಮುಖ್ಯ. ಎತ್ತರದ ರೆಕ್ಕೆಗಳುಳ್ಳ ಮೀನಿಗೆ ಆಳ ಮುಖ್ಯ.

ಈ ಪ್ರಮಾಣಗಳು ಒಂದೇ ಮೀನಿಗೆ ಅನ್ವಯಿಸುವ ಕನಿಷ್ಠ ಮಾರ್ಗದರ್ಶಿ ಅಳತೆಗಳಾಗಿದ್ದು, ಜೊತೆಗೆ ಬೇರೆ ಮೀನುಗಳನ್ನು ಬಿಡುವುದಾದರೆ ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಬೇಕು.

4. ಮೀನುವಾರು ವಿವರ

1) ಕ್ಲೌನ್ ಮೀನು: ಸುಮಾರು 10 ಸೆಂ.ಮೀ. ಬೆಳೆಯುತ್ತದೆ. 100 ಲೀಟರ್ ಮೇಲ್ಪಟ್ಟ ತೊಟ್ಟಿ ಒಂದು ಜೋಡಿಗೆ ಸಾಕಾಗುತ್ತದೆ. ಹೊಸದಾಗಿ ಸಾಕುವವರಿಗೆ ಇದು ಸೂಕ್ತ. ಹೋಲಿಕೆಗಾಗಿ ಇಲ್ಲಿ ನೀಡಲಾಗಿದೆ.

2) ಬ್ಲೂ ಟ್ಯಾಂಗ್: 2003ರ 'ಫೈಂಡಿಂಗ್ ನೀಮೋ' ಚಲನಚಿತ್ರದಿಂದ ಮಕ್ಕಳಿಗೆ 'ಡೋರಿ' ಎಂದೇ ಪರಿಚಿತವಾದ ಮೀನು. ಸುಮಾರು 30 ಸೆಂ.ಮೀ. ಬೆಳೆಯುತ್ತದೆ ಹಾಗೂ ದಿನವಿಡೀ ಈಜುತ್ತದೆ. 180 x 60 x 60 ಸೆಂ.ಮೀ., ಅಂದರೆ ಸುಮಾರು 650 ಲೀಟರ್‌ನ ತೊಟ್ಟಿ ಬೇಕು. ಕ್ಲೌನ್ ಮೀನಿನ ತೊಟ್ಟಿಯಲ್ಲಿ ಇದನ್ನು ಇಡಲಾಗದು.

3) ಲಯನ್ ಫಿಶ್: 38 ಸೆಂ.ಮೀ.ವರೆಗೆ ಬೆಳೆಯಬಲ್ಲದು. ಹೆಚ್ಚು ಓಡಾಡುವುದಿಲ್ಲ. 150 x 60 x 60 ಸೆಂ.ಮೀ., ಅಂದರೆ 540 ಲೀಟರ್‌ನ ತೊಟ್ಟಿ ಬೇಕು. ಇದರ ಬೆನ್ನಿನ ಮುಳ್ಳುಗಳಲ್ಲಿ ವಿಷವಿರುತ್ತದೆ. ಬಾಯಿಗೆ ಹಿಡಿಯುವ ಸಣ್ಣ ಮೀನುಗಳನ್ನು ನುಂಗುತ್ತದೆ.

4) ಎಂಪರರ್ ಏಂಜೆಲ್ ಮೀನು: 40 ಸೆಂ.ಮೀ.ವರೆಗೆ ಬೆಳೆಯುತ್ತದೆ. ಮರಿಯ ಬಣ್ಣ ಮತ್ತು ಬೆಳೆದ ಮೀನಿನ ಬಣ್ಣ ಸಂಪೂರ್ಣ ಬೇರೆಯಾಗಿರುವುದರಿಂದ ಖರೀದಿಸುವವರು ಎರಡೂ ಒಂದೇ ಮೀನೆಂದು ತಿಳಿಯದಿರುವ ಸಂಭವವಿದೆ. 240 x 60 x 60 ಸೆಂ.ಮೀ., ಅಂದರೆ ಸುಮಾರು 860 ಲೀಟರ್‌ನ ತೊಟ್ಟಿ ಬೇಕು.

5) ಸ್ನೋಫ್ಲೇಕ್ ಮೋರೆ ಹಾವುಮೀನು: ಸಾಮಾನ್ಯವಾಗಿ 60ರಿಂದ 75 ಸೆಂ.ಮೀ.; ಒಂದು ಮೀಟರ್‌ವರೆಗೂ ಬೆಳೆಯಬಹುದು. ದೇಹವನ್ನು ಸುತ್ತಿಕೊಂಡು ಕಲ್ಲಿನ ಸಂದಿಯಲ್ಲಿ ಅಡಗುವ ಮೀನಾದ್ದರಿಂದ ಮೇಲಿನ 4 ಪಟ್ಟಿನ ಲೆಕ್ಕ ಇದಕ್ಕೆ ಅನ್ವಯಿಸುವುದಿಲ್ಲ. 150 x 60 x 50 ಸೆಂ.ಮೀ. ತೊಟ್ಟಿ ಸಾಕಾಗುತ್ತದೆ. ಆದರೆ ಸಣ್ಣ ಸಂದಿಯಿಂದಲೂ ಹೊರಗೆ ನುಸುಳುವುದರಿಂದ ಭದ್ರವಾದ ಮುಚ್ಚಳ ಕಡ್ಡಾಯ. ಇದೇ ಬಳಗದ ಜೇನುಗೂಡಿನ ಚಿತ್ತಾರದ ಮೋರೆ ಹಾವುಮೀನು 3 ಮೀಟರ್‌ವರೆಗೆ ಬೆಳೆಯಬಲ್ಲದು. ಮರಿಗಳನ್ನು ಖರೀದಿಸುವಾಗ ಜಾತಿಯನ್ನು ಖಚಿತಪಡಿಸಿಕೊಳ್ಳಬೇಕು.

6) ಬಿಳಿ ಚುಕ್ಕೆಯ ಪಫರ್ ಮೀನು: ಸುಮಾರು 50 ಸೆಂ.ಮೀ. ಬೆಳೆಯುತ್ತದೆ. 200 x 75 x 75 ಸೆಂ.ಮೀ., ಅಂದರೆ ಸುಮಾರು 1,100 ಲೀಟರ್‌ನ ತೊಟ್ಟಿ ಬೇಕು. ಹೆದರಿಸಿ ಊದಿಕೊಳ್ಳುವಂತೆ ಮಾಡುವುದು ಮೀನಿಗೆ ಹಾನಿಕರ.

7) ಪ್ಯಾಂಥರ್ ಗ್ರೂಪರ್: ಬಿಳಿ ಮೈಯ ಮೇಲೆ ಕಪ್ಪು ಚುಕ್ಕೆಗಳಿರುವ ಇದರ ಮರಿ ನೋಡಲು ಬಹಳ ಚಂದ. ಬೆಳೆದ ಮೀನು 70 ಸೆಂ.ಮೀ. ತಲುಪಬಲ್ಲದು. 280 x 105 x 75 ಸೆಂ.ಮೀ., ಅಂದರೆ ಸುಮಾರು 2,200 ಲೀಟರ್ ಬೇಕಾಗುತ್ತದೆ. ಸಾಮಾನ್ಯ ಮನೆಗಳಿಗೆ ಇದು ಸೂಕ್ತವಲ್ಲ.

8) ಬ್ಯಾಟ್ ಫಿಶ್: ಮರಿಯ ಮೇಲಿನ ಹಾಗೂ ಕೆಳಗಿನ ರೆಕ್ಕೆಗಳು ದೇಹದ ಉದ್ದಕ್ಕಿಂತ ಎತ್ತರವಾಗಿರುತ್ತವೆ. ಬೆಳೆದ ಮೀನು 50 ಸೆಂ.ಮೀ.ಗೂ ಮೀರುತ್ತದೆ. ಒಂದು ಮೀಟರ್‌ಗೆ ಕಡಿಮೆಯಿಲ್ಲದ ಎತ್ತರ ಹಾಗೂ 3 ಮೀಟರ್ ಉದ್ದದ ತೊಟ್ಟಿ ಬೇಕಾಗುವುದರಿಂದ ಮನೆಗೆ ಸೂಕ್ತವಲ್ಲ.

9) ಬಿದಿರು ಶಾರ್ಕ್: ಕರಾವಳಿಯಲ್ಲಿ ತಾಟೆ ಎಂದು ಕರೆಯಲ್ಪಡುವ ಶಾರ್ಕ್‌ಗಳ ಪೈಕಿ ಸಣ್ಣ ಬಳಗ. ಇವುಗಳಲ್ಲಿ ಸಣ್ಣ ಜಾತಿಗಳು ಸುಮಾರು 75 ಸೆಂ.ಮೀ., ಇತರ ಜಾತಿಗಳು ಒಂದು ಮೀಟರ್ ತಲುಪುತ್ತವೆ. ಸಣ್ಣ ಜಾತಿಗೂ 3 ಮೀಟರ್ ಉದ್ದ, 1.2 ಮೀಟರ್ ಅಗಲದ ತಳ ಬೇಕು. 60 ಸೆಂ.ಮೀ. ನೀರು ನಿಲ್ಲಿಸಿದರೂ ಇದು 2,160 ಲೀಟರ್ ಆಗುತ್ತದೆ.

10) ಚಿನ್ನದ ಟ್ರೆವಲಿ: ಹಳದಿ ಬಣ್ಣದ ಮೇಲೆ ಕಪ್ಪು ಪಟ್ಟೆಗಳಿರುವ ಪುಟ್ಟ ಮರಿಯಾಗಿ ಪರಿಚಿತ. ಒಂದು ಮೀಟರ್‌ಗೂ ಮೀರಿ ಬೆಳೆಯಬಲ್ಲ, ಎಂದೂ ನಿಲ್ಲದೆ ಈಜುವ ಮೀನು. ಸಾರ್ವಜನಿಕ ಮತ್ಸ್ಯಾಲಯಗಳಿಗೆ ಮಾತ್ರ ಸೂಕ್ತ.

ಸಾರ್ವಜನಿಕ ಮತ್ಸ್ಯಾಲಯದ ಪ್ರಮಾಣವನ್ನು ಅರಿಯಲು ಜಪಾನಿನ ಒಕಿನಾವದಲ್ಲಿ 2002ರಲ್ಲಿ ಆರಂಭವಾದ ಚುರೌಮಿ ಮತ್ಸ್ಯಾಲಯವನ್ನು ಗಮನಿಸಬಹುದು. ತಿಮಿಂಗಿಲ ಶಾರ್ಕ್‌ಗಳಿಗಾಗಿ ಅಲ್ಲಿ ನಿರ್ಮಿಸಿರುವ ಮುಖ್ಯ ತೊಟ್ಟಿ 35 ಮೀಟರ್ ಉದ್ದ, 27 ಮೀಟರ್ ಅಗಲ ಮತ್ತು 10 ಮೀಟರ್ ಆಳವಿದ್ದು, 75 ಲಕ್ಷ ಲೀಟರ್ ನೀರನ್ನು ಹೊಂದಿದೆ.

5. ತೊಟ್ಟಿಯ ತೂಕ ಮತ್ತು ಕಟ್ಟಡದ ಸುರಕ್ಷತೆ

ಒಂದು ಲೀಟರ್ ಸಮುದ್ರದ ನೀರು ಸುಮಾರು 1.025 ಕಿಲೋಗ್ರಾಂ ತೂಗುತ್ತದೆ. 180 x 60 x 60 ಸೆಂ.ಮೀ. ತೊಟ್ಟಿಯಲ್ಲಿ 55 ಸೆಂ.ಮೀ. ಎತ್ತರಕ್ಕೆ ನೀರು ತುಂಬಿದಾಗ ನೀರಿನ ತೂಕವೇ ಸುಮಾರು 610 ಕಿಲೋಗ್ರಾಂ. 12 ಮಿ.ಮೀ. ಗಾಜು ಬಳಸಿದ್ದರೆ ಗಾಜಿನ ತೂಕ ಸುಮಾರು 120 ಕಿಲೋಗ್ರಾಂ. ಕಲ್ಲು, ಮರಳು ಮತ್ತು ಕಬ್ಬಿಣದ ಸ್ಟ್ಯಾಂಡ್ ಸೇರಿದರೆ ಒಟ್ಟು 900 ಕಿಲೋಗ್ರಾಂ ಆಸುಪಾಸಿಗೆ ತಲುಪುತ್ತದೆ. ಈ ಪೂರ್ಣ ಭಾರ ಕೇವಲ 1.08 ಚದರ ಮೀಟರ್ ಜಾಗದ ಮೇಲೆ ಬೀಳುತ್ತದೆ.

ವಾಸದ ಕೊಠಡಿಗಳ ನೆಲದ ಮೇಲಿನ ಬಳಕೆಯ ಭಾರವನ್ನು ಭಾರತೀಯ ಮಾನಕ ಐಎಸ್ 875 (ಭಾಗ 2)ರಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಎಂದು ಪರಿಗಣಿಸಲಾಗಿದೆ. ಈ ಲೆಕ್ಕ ಇಡೀ ಕೊಠಡಿಗೆ ಹರಡಿದ ಭಾರಕ್ಕೆ ಸಂಬಂಧಿಸಿದ್ದಾದರೂ, ಮೇಲಿನ ತೊಟ್ಟಿಯ ಕೆಳಗಿನ ಭಾರ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಆದ್ದರಿಂದ ಮಹಡಿಯ ಮೇಲೆ ಅಥವಾ ಅಪಾರ್ಟ್‌ಮೆಂಟಿನಲ್ಲಿ ಇಂತಹ ತೊಟ್ಟಿಯನ್ನು ಇಡುವ ಮುನ್ನ ಕಟ್ಟಡ ವಿನ್ಯಾಸ ಎಂಜಿನಿಯರ್ ಅವರ ಅಭಿಪ್ರಾಯ ಪಡೆಯಬೇಕು. ನೆಲಮಾಳಿಗೆಯಿಲ್ಲದ ಕೆಳ ಅಂತಸ್ತು, ಅಂದರೆ ನೇರವಾಗಿ ಭೂಮಿಯ ಮೇಲಿರುವ ನೆಲ ಇದಕ್ಕೆ ಹೆಚ್ಚು ಸುರಕ್ಷಿತ. ಬಾಡಿಗೆ ಮನೆಯಾಗಿದ್ದಲ್ಲಿ ಮಾಲೀಕರ ಒಪ್ಪಿಗೆ ಪಡೆಯುವುದು ಸೂಕ್ತ.

ಗಾಜಿನ ದಪ್ಪವನ್ನು ನಿರ್ಧರಿಸುವಲ್ಲಿ ನೀರಿನ ಎತ್ತರ ಅತಿ ಮುಖ್ಯ. 180 ಸೆಂ.ಮೀ. ಉದ್ದದ ಗಾಜಿಗೆ 60 ಸೆಂ.ಮೀ. ನೀರು ತಾಗಿ ನಿಂತಾಗ ಅದರ ಮೇಲೆ ಬೀಳುವ ಒಟ್ಟು ಬಲ ಸುಮಾರು 330 ಕಿಲೋಗ್ರಾಂ ತೂಕಕ್ಕೆ ಸಮ. ಎತ್ತರವನ್ನು 90 ಸೆಂ.ಮೀ.ಗೆ ಹೆಚ್ಚಿಸಿದರೆ ಅದು ಸುಮಾರು 750 ಕಿಲೋಗ್ರಾಂ ಆಗುತ್ತದೆ. ಜರ್ಮನಿಯ ಬರ್ಲಿನ್ ನಗರದ ಹೋಟೆಲೊಂದರಲ್ಲಿದ್ದ 10 ಲಕ್ಷ ಲೀಟರ್‌ನ ಸಿಲಿಂಡರ್ ಆಕಾರದ ಅಕ್ವೇರಿಯಂ 2022ರ ಡಿಸೆಂಬರ್ 16ರಂದು ಒಡೆದು, ಅದರಲ್ಲಿದ್ದ ಸುಮಾರು 1,500 ಮೀನುಗಳಲ್ಲಿ ಬಹುತೇಕ ಎಲ್ಲವೂ ಸತ್ತವು. ಘಟನೆ ಮುಂಜಾನೆ ನಡೆದುದರಿಂದ ದೊಡ್ಡ ಪ್ರಾಣಹಾನಿ ತಪ್ಪಿತು. ದೊಡ್ಡ ತೊಟ್ಟಿಗಳನ್ನು ಅನುಭವಿಗಳಿಂದಲೇ ಮಾಡಿಸಬೇಕೆಂಬುದನ್ನು ಇದು ನೆನಪಿಸುತ್ತದೆ.

6. ನೀರು, ವಿದ್ಯುತ್ ಮತ್ತು ನಿರ್ವಹಣೆ

ಅ) ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡಬಾರದು. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನಂತರ ನೈಟ್ರೇಟ್ ಆಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಶೂನ್ಯಕ್ಕೆ ಬಂದಿರುವುದನ್ನು ಪರೀಕ್ಷಾ ಕಿಟ್‌ನಿಂದ ಖಚಿತಪಡಿಸಿಕೊಂಡ ನಂತರವೇ ಮೀನು ಬಿಡಬೇಕು.

ಆ) ಉಷ್ಣಾಂಶ 24ರಿಂದ 27 ಡಿಗ್ರಿ ಸೆಲ್ಸಿಯಸ್, ನೀರಿನ ಸಾಪೇಕ್ಷ ಸಾಂದ್ರತೆ 1.023ರಿಂದ 1.026, ಪಿಎಚ್ 8.1ರಿಂದ 8.4 ಇರುವಂತೆ ನೋಡಿಕೊಳ್ಳಬೇಕು. ಆವಿಯಾದ ನೀರಿನ ಬದಲಿಗೆ ಸಿಹಿನೀರನ್ನೇ ಸೇರಿಸಬೇಕು; ಉಪ್ಪು ಆವಿಯಾಗದೆ ತೊಟ್ಟಿಯಲ್ಲೇ ಉಳಿಯುವುದರಿಂದ ಪುನಃ ಉಪ್ಪುನೀರು ಹಾಕಿದರೆ ಲವಣಾಂಶ ಮಿತಿ ಮೀರುತ್ತದೆ.

ಇ) 600 ಲೀಟರ್ ತೊಟ್ಟಿಗೆ ಮೊದಲ ಬಾರಿ ಸುಮಾರು 21 ಕಿಲೋಗ್ರಾಂ ಸಮುದ್ರ ಉಪ್ಪಿನ ಮಿಶ್ರಣ ಬೇಕು. ತಿಂಗಳಿಗೆ ಶೇ. 20ರಷ್ಟು ನೀರು ಬದಲಾಯಿಸಿದರೆ 120 ಲೀಟರ್ ನೀರು ಹಾಗೂ ಸುಮಾರು 4 ಕಿಲೋಗ್ರಾಂ ಉಪ್ಪು ಪ್ರತಿ ತಿಂಗಳ ಖರ್ಚಾಗುತ್ತದೆ. ಅಡುಗೆ ಉಪ್ಪು ಇದಕ್ಕೆ ಬದಲಿಯಲ್ಲ. ಗಡಸು ಕೊಳವೆಬಾವಿ ನೀರನ್ನು ಆರ್‌ಒ ಯಂತ್ರದಲ್ಲಿ ಶುದ್ಧೀಕರಿಸಿ ಬಳಸುವುದು ಉತ್ತಮ. ನಲ್ಲಿ ನೀರಿನ ಕ್ಲೋರಿನ್ ಅನ್ನು ಮೊದಲು ತೆಗೆಯಬೇಕು.

ಈ) ತೊಟ್ಟಿಯ ಕೆಳಗೆ ಪ್ರತ್ಯೇಕ ಶೋಧಕ ತೊಟ್ಟಿ ಹಾಗೂ ಪ್ರೋಟೀನ್ ಸ್ಕಿಮ್ಮರ್ ಅಳವಡಿಸಲು ಸ್ಥಳವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉ) ದೊಡ್ಡ ಮೀನು ಹೆಚ್ಚು ಆಮ್ಲಜನಕ ಬಳಸುತ್ತದೆ. ವಿದ್ಯುತ್ ಕಡಿತವಾದಾಗ ಗಾಳಿ ಪಂಪು ನಿಲ್ಲದಂತೆ ಬ್ಯಾಟರಿ ಅಥವಾ ಇನ್ವರ್ಟರ್ ವ್ಯವಸ್ಥೆ ಅವಶ್ಯಕ. ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹರಿಸುವುದರಿಂದ ಅರ್ಥಿಂಗ್ ಹಾಗೂ ಸೋರಿಕೆ ವಿದ್ಯುತ್ ತಡೆಯುವ ಸ್ವಿಚ್ಚನ್ನು ತಪ್ಪದೆ ಅಳವಡಿಸಬೇಕು.

7. ಕಾನೂನಿನ ಅಂಶಗಳು

ಎಷ್ಟೇ ದೊಡ್ಡ ತೊಟ್ಟಿ ಇದ್ದರೂ ಕೆಲವು ಜೀವಿಗಳನ್ನು ಸಾಕುವಂತಿಲ್ಲ. ತಿಮಿಂಗಿಲ ಶಾರ್ಕ್, ಎಲ್ಲಾ ಜಾತಿಯ ಸಮುದ್ರ ಕುದುರೆಗಳು, 2.7 ಮೀಟರ್‌ವರೆಗೆ ಬೆಳೆಯಬಲ್ಲ ದೈತ್ಯ ಗ್ರೂಪರ್, ಕೆಲವು ಜಾತಿಯ ಶಾರ್ಕ್ ಹಾಗೂ ತೊರಕೆ ಮೀನುಗಳು ಮತ್ತು ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿಗಳಿಗೆ ಸೇರಿಸಲಾಯಿತು. ಇವುಗಳನ್ನು ಹಿಡಿಯುವುದು ಹಾಗೂ ಮಾರುವುದು ಅಪರಾಧ. ಸಮುದ್ರ ಕುದುರೆ ಗಾತ್ರದಲ್ಲಿ ಚಿಕ್ಕದೆಂಬ ಕಾರಣಕ್ಕೆ ವಿನಾಯಿತಿ ಇರುವುದಿಲ್ಲ.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯನ್ವಯ, ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟ ಜೀವಿಗಳ ಪ್ರತ್ಯೇಕ ಅನುಸೂಚಿಯನ್ನು ಅಧಿನಿಯಮದಲ್ಲಿ ಸೇರಿಸಲಾಗಿದ್ದು, ಅಂತಹ ಸಜೀವ ಪ್ರಾಣಿಗಳನ್ನು ಹೊಂದಿರುವವರು ಅವುಗಳನ್ನು ವರದಿ ಮಾಡಿ ನೋಂದಾಯಿಸಬೇಕಾಗುತ್ತದೆ. ವನ್ಯಜೀವಿ ಅಧಿನಿಯಮದ ಅನುಷ್ಠಾನವು ಅರಣ್ಯ ಇಲಾಖೆಗೆ ಸಂಬಂಧಿಸಿದೆ. ಅಪರೂಪದ ಮೀನನ್ನು ಖರೀದಿಸುವ ಮುನ್ನ ಅದರ ವೈಜ್ಞಾನಿಕ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು ಹಾಗೂ ಸಂದೇಹವಿದ್ದಲ್ಲಿ ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು.

8. ಸಾಕಿದ ಮೀನನ್ನು ಸಮುದ್ರಕ್ಕೆ ಬಿಡಬಾರದು

ಭಾರತ ಮತ್ತು ಪೆಸಿಫಿಕ್ ಸಾಗರಗಳ ಲಯನ್ ಫಿಶ್ ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ 1985ರಲ್ಲಿ ಮೊದಲ ಬಾರಿಗೆ ಕಂಡುಬಂತು. ಅಕ್ವೇರಿಯಂಗಳಿಂದ ಹೊರಬಿಟ್ಟ ಮೀನುಗಳೇ ಇದಕ್ಕೆ ಮೂಲವೆಂದು ಪರಿಗಣಿಸಲಾಗಿದೆ. ನಂತರ ಅದು ಕೆರಿಬಿಯನ್ ಸಮುದ್ರ ಹಾಗೂ ಮೆಕ್ಸಿಕೋ ಕೊಲ್ಲಿಗೆ ಹರಡಿ, ಅಲ್ಲಿನ ಸ್ಥಳೀಯ ಮೀನುಗಳ ಮರಿಗಳನ್ನು ತಿಂದು ದೊಡ್ಡ ಹಾನಿಯನ್ನು ಉಂಟುಮಾಡಿದೆ. ಮೀನು ನಮ್ಮ ಸಮುದ್ರದ ಜಾತಿಯೇ ಆಗಿದ್ದರೂ ತೊಟ್ಟಿಯಲ್ಲಿ ತಗುಲಿದ ರೋಗಗಳು ಅದರ ಮೂಲಕ ಸಮುದ್ರ ಸೇರುವ ಅಪಾಯವಿದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈಗ ಸಣ್ಣ ತೊಟ್ಟಿಯಲ್ಲಿ ಮರಿಯನ್ನು ಸಾಕಿ, ಬೆಳೆದ ನಂತರ ದೊಡ್ಡ ತೊಟ್ಟಿಗೆ ಬದಲಾಯಿಸಬಹುದೇ?
ಉತ್ತರ: ದೊಡ್ಡ ತೊಟ್ಟಿಗೆ ಸ್ಥಳ, ಹಣ ಮತ್ತು ನೆಲದ ಸಾಮರ್ಥ್ಯ ಈಗಾಗಲೇ ಖಚಿತವಾಗಿದ್ದರೆ ಮಾತ್ರ. ಇಲ್ಲವಾದಲ್ಲಿ ಆ ಮೀನನ್ನು ಖರೀದಿಸದಿರುವುದೇ ಸೂಕ್ತ.

ಪ್ರಶ್ನೆ: ಗಾಜಿನ ಗುಂಡು ತೊಟ್ಟಿಯಲ್ಲಿ ಸಮುದ್ರ ಮೀನು ಸಾಕಬಹುದೇ?
ಉತ್ತರ: ಸಾಧ್ಯವಿಲ್ಲ. ಅದರಲ್ಲಿ ನೀರಿನ ಪ್ರಮಾಣ ಬಹಳ ಕಡಿಮೆ. ಲವಣಾಂಶ ಮತ್ತು ಉಷ್ಣಾಂಶ ಬೇಗನೆ ಏರುಪೇರಾಗುತ್ತವೆ.

ಪ್ರಶ್ನೆ: ಕರಾವಳಿಯವರು ಸಮುದ್ರದ ನೀರನ್ನೇ ಬಳಸಬಹುದೇ?
ಉತ್ತರ: ಬಳಸಬಹುದು. ಆದರೆ ಬಂದರು, ಅಳಿವೆ ಹಾಗೂ ಚರಂಡಿ ಸೇರುವ ಸ್ಥಳಗಳ ನೀರನ್ನು ತರಬಾರದು. ಮಳೆಗಾಲದಲ್ಲಿ ನದಿಗಳ ಸಿಹಿನೀರು ಸೇರಿ ಲವಣಾಂಶ ಇಳಿದಿರುತ್ತದೆ. ಸೋಸಿ, ಪರೀಕ್ಷಿಸಿದ ನಂತರವೇ ಬಳಸಬೇಕು.

ಪ್ರಶ್ನೆ: ಲಯನ್ ಫಿಶ್ ಮುಳ್ಳು ಚುಚ್ಚಿದರೆ ಏನು ಮಾಡಬೇಕು?
ಉತ್ತರ: ಚುಚ್ಚಿದ ಭಾಗವನ್ನು ಚರ್ಮ ತಾಳುವಷ್ಟು ಬಿಸಿಯಾದ, 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಬೇಕು ಹಾಗೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ಮೀನು ಈಗಾಗಲೇ ತೊಟ್ಟಿಗೆ ಮೀರಿ ಬೆಳೆದಿದೆ. ಏನು ಮಾಡಬೇಕು?
ಉತ್ತರ: ಆಹಾರ ಕಡಿಮೆ ಮಾಡಿ ಬೆಳವಣಿಗೆ ತಡೆಯಲು ಪ್ರಯತ್ನಿಸಬಾರದು. ನೀರು ಬದಲಾವಣೆಯನ್ನು ಹೆಚ್ಚಿಸಿ, ದೊಡ್ಡ ತೊಟ್ಟಿ ಹೊಂದಿರುವ ಸಾಕಣೆದಾರರು, ಮಾರಾಟಗಾರರು ಅಥವಾ ಸಾರ್ವಜನಿಕ ಮತ್ಸ್ಯಾಲಯಗಳನ್ನು ವಿಚಾರಿಸಬೇಕು. ಅವರು ಮೀನನ್ನು ಸ್ವೀಕರಿಸಲೇಬೇಕೆಂಬ ನಿಯಮವಿಲ್ಲ. ಖರೀದಿಗೆ ಮುನ್ನವೇ ಯೋಚಿಸಬೇಕೆಂದು ಒತ್ತಿ ಹೇಳಲು ಇದೇ ಕಾರಣ.

10. ಮಾರ್ಗದರ್ಶನ ಕೋರುವವರು ಒದಗಿಸಬೇಕಾದ ವಿವರಗಳು

ಮೀನು ಸಾಕಣೆಗೆ ಸಂಬಂಧಿಸಿದ ಸಲಹೆಗಾಗಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಈ ಕೆಳಕಂಡ ವಿವರಗಳನ್ನು ಬರೆದು ತಂದಲ್ಲಿ ಸಲಹೆ ನೀಡಲು ಅನುಕೂಲವಾಗುತ್ತದೆ:

1. ಮೀನಿನ ಹೆಸರು, ಸಾಧ್ಯವಾದಲ್ಲಿ ವೈಜ್ಞಾನಿಕ ಹೆಸರು ಅಥವಾ ಛಾಯಾಚಿತ್ರ
2. ಪೂರ್ಣ ಬೆಳೆದ ಮೀನಿನ ಉದ್ದ
3. ಉದ್ದೇಶಿತ ತೊಟ್ಟಿಯ ಉದ್ದ, ಅಗಲ, ಎತ್ತರ
4. ತೊಟ್ಟಿಯನ್ನು ಇಡುವ ಅಂತಸ್ತು
5. ನೀರಿನ ಮೂಲ ಹಾಗೂ ವಿದ್ಯುತ್ ಬದಲಿ ವ್ಯವಸ್ಥೆ
6. ಜೊತೆಯಲ್ಲಿ ಸಾಕುವ ಇತರ ಮೀನುಗಳ ವಿವರ

ಮೇಲಿನ ಆರು ವಿವರಗಳಲ್ಲಿ ಎರಡನೆಯದು ತಿಳಿಯದಿದ್ದಲ್ಲಿ, ಅದು ತಿಳಿಯುವವರೆಗೆ ತೊಟ್ಟಿಯನ್ನಾಗಲೀ ಮೀನನ್ನಾಗಲೀ ಖರೀದಿಸಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.